ಎರಡು ಹಾರೆ

ಗಂಡನ ಹೆಸರು ಹೇಳಬಾರದಂತೆ. ಹೇಳುತ್ತೇನೆ, ನನಗೆ ಈಗಲೂ ಸಿಟ್ಟಿದೆ: ಜವರಪ್ಪ. ಮಾಯಸಂದ್ರದ ಸುತ್ತಮುತ್ತ ಕಾಯಿ ಸುಲಿಯುವುದರಲ್ಲಿ ತನ್ನ ಸಮ ಯಾರೂ ಇಲ್ಲವೆಂದು ತಾನೇ ಸಾರಿಕೊಂಡು ತಿರುಗುತ್ತಿದ್ದ. ಒಪ್ಪದವನು ಒಬ್ಬನೇ, ಪಕ್ಕದಲ್ಲೇ ನಿಂತು ಸುಲಿಯುವ ದೊಡ್ಡಣ್ಣ.

ಎರಡು ಸಾವಿರದ ಎರಡನೇ ಇಸವಿ, ಯುಗಾದಿ ಕಳೆದಿತ್ತು. ಅಟ್ಟದಿಂದ ಇಳಿಸಿದ ಕೊಬ್ಬರಿ ಕಾಯಿಯನ್ನು ಜವರಪ್ಪ ನೆಲಕ್ಕೆ ಹೂತ ಹಾರೆಯ ಮೇಲೆ ಕುಕ್ಕಿದ. ಕಾಯಿ ಪಕ್ಕಕ್ಕೆ ಹಾರಿತು, ಮೊನೆ ಅಂಗೈ ಸೀಳಿತು.

"ಯಾವನ್ಲಾ ಇಲ್ಲಿ ಇನ್ನೊಂದು ಹಾರೆ ಹೂತವ್ನು?" ಎಂದು ದೊಡ್ಡಣ್ಣನ ಮೇಲೆ ಏರಿಹೋದ.

ಜವರಪ್ಪನ ಮುಂದೆ ಇದ್ದದ್ದು ಒಂದೇ ಹಾರೆ. ಇವನ ಎಡಗಣ್ಣು ಮೂಗಿನ ಕಡೆಗೆ ವಾಲಿತ್ತು.

"ನಾನೆಷ್ಟು ಜನ ಕಾಣ್ತೀನಿ?" ಎಂದೆ.

"ಇಬ್ರು. ಒಬ್ಳನ್ನೇ ತಡ್ಕಳಕಾಗ್ತಿರ್ಲಿಲ್ಲ."

ಗಾಯಕ್ಕೆ ಬಟ್ಟೆ ಕಟ್ಟುವಾಗ ಗಂಟನ್ನು ಸ್ವಲ್ಪ ಬಿಗಿಯಾಗಿಯೇ ಹಾಕಿದೆ.

ಬೆಂಗಳೂರಿನಲ್ಲಿ ತಲೆ ಸ್ಕ್ಯಾನ್ ಆಯಿತು. "ಬಿಪಿ ಏರಿ ಏರಿ ತಲೆಯೊಳಗಿನ ದೊಡ್ಡ ರಕ್ತನಾಳ ಊದಿಕೊಂಡಿದೆ. ಕಣ್ಣು ತಿರುಗಿಸೋ ನರವನ್ನ ಅಮುಕ್ತಾ ಇದೆ," ಎಂದರು ಡಾಕ್ಟರು. "ಆಪರೇಷನ್ ಮಾಡೋ ಜಾಗ ಅಲ್ಲ. ಒಂದು ಕಣ್ಣಿಗೆ ಪಟ್ಟಿ ಕಟ್ಟಿರಿ. ಸುಲಿಯೋದು ಬೇಡ. ಬಿಪಿ ಮಾತ್ರೆ ತಪ್ಪಿಸಿದ್ರೆ ಜೀವಕ್ಕೇ ಅಪಾಯ."

"ಮೂರು ವರ್ಷದಿಂದ ಆ ಮಾತ್ರೆನ ದಿನಾ ನಾನೇ ಕೈಗೆ ಕೊಡ್ತಿದೀನಲ್ಲ ಸ್ವಾಮಿ!" ಎಂದೆ. ಯಜಮಾನ ಕಿಟಕಿಯಾಚೆ ನೋಡಿದ.

ವಾಪಸ್ ಬರುವಾಗ ಬಸ್ಸಿನಲ್ಲಿ ಬಾಯಿ ಬಿಡಿಸಿದೆ.

"ಅದು ನುಂಗಿದ್ರೆ ಗಂಟೆಗೆ ಮೂರು ಸಲ ಉಚ್ಚೆ ಬತ್ತದೆ ಕಣೇ. ಬೇಲಿ ಮರೆಗೆ ಹೋಗಿ ಬರೋದ್ರೊಳಗೆ ದೊಡ್ಡಣ್ಣ ಐವತ್ತು ಕಾಯಿ ಮುಂದಿರ್ತಾನೆ."

ಮೂರು ವರ್ಷದ ಮಾತ್ರೆ ಸಿಪ್ಪೆರಾಶಿ ಸೇರಿತ್ತು. ಉಚ್ಚೆಗೇಳದೆ ಗೆದ್ದ ಮಹಾಶೂರ! ಬಸ್ಸಿನವರೆಲ್ಲ ಕೇಳುವಂತೆ ಬೈದೆ. ಬೈಯುತ್ತಲೇ ಅತ್ತುಬಿಟ್ಟೆ. ಇವನು ಸತ್ತರೆ ನಾನು ಯಾರನ್ನು ಬೈಯಲಿ?

ಮರುದಿನ ಬೆಳಿಗ್ಗೆ ಕಣಕ್ಕೆ ಬಂದು ನೋಡಿದರೆ, ಪಟ್ಟಿ ಕಿತ್ತುಹಾಕಿ ಹಾರೆಯ ಮುಂದೆ ನಿಂತಿದ್ದಾನೆ. ಮಾತ್ರೆ ಮುಟ್ಟಿಲ್ಲ.

"ಎರಡು ಕಂಡ್ರೇನು? ಯಾವುದು ದಿಟ ಅಂತ ನನ್ ಕೈಗೆ ಗೊತ್ತು. ಅತ್ಲಾಗೋಗು."

ಹೋಗಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಹಾರೆಯ ಮೊನೆಗೆ ತಾಗಿಸಿ ನನ್ನ ಕೈ ಇಟ್ಟೆ.

"ನನ್ ಕೈ ಬುಟ್ಟು ಮೊನೆ ಮೇಲೆ ಕುಕ್ಕು, ನೋಡಾನ."

ಅವನು ಕಾಯಿ ಎತ್ತಿದ. ಎತ್ತಿದ ಕೈ ಮೇಲೇ ನಿಂತಿತು. ಈ ಮುಠ್ಠಾಳ ಕುಕ್ಕಿದರೂ ಕುಕ್ಕಿಯಾನು.

"ಎರಡರ ಪಕ್ಕದಲ್ಲೂ ನಿನ್ ಕೈ ಐತೆ ಕಣೇ," ಎಂದ.

ದೊಡ್ಡಣ್ಣ ಸುಲಿಯುವುದನ್ನು ನಿಲ್ಲಿಸಿ ನೋಡುತ್ತಿದ್ದ. ಅವನೆದುರೇ ಜವರಪ್ಪ ಕಾಯಿ ಕೆಳಗಿಟ್ಟು ಕೈ ಚಾಚಿದ.

"ಕೊಡು ಆ ಹಾಳು ಮಾತ್ರೆ."