ಬಳಸಿ ನಡೆಯುವ ಅತ್ತಿಗೆ

ನನ್ನ ಅತ್ತಿಗೆ ಯಾರ ಎದುರಿಗೂ ನೇರವಾಗಿ ನಡೆದು ಬಂದವರಲ್ಲ. ನೀರು ನಿಂತ ಗುಂಡಿಯನ್ನು ಬಳಸಿಕೊಂಡು ಬರುವವರ ಹಾಗೆ, ಒಂದು ಭುಜ ಮುಂದೆ ಮಾಡಿ, ನೋಟವನ್ನು ನೆಲಕ್ಕೆ ಹಾಸಿ, ಓರೆಯಾಗಿ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ಹಾಗೆ ಬಂದೇ ಒಂದು ದಿನ, ನನ್ನ ಗ್ಯಾರೇಜಿನಲ್ಲಿ, ನನ್ನ ಗಿರಾಕಿಗಳ ಮುಂದೆ, "ನಾಯಿಗಳದ್ದೇನೂ ತಪ್ಪಿಲ್ಲಪ್ಪ, ಮೊದಲು ಬೊಗಳೋನು ನೀನೇ" ಅಂದರು. ಗಿರಾಕಿಗಳು ನಕ್ಕರು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಅಣ್ಣ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದವರು ಜೊತೆಗೆ ತಂದದ್ದು ಅಣ್ಣನ ಕಂದು ಕೋಟು ಮತ್ತು ಅಣ್ಣನ ಗಂಡುನಾಯಿ ಸಾಹೇಬ. ಮನೆಯಲ್ಲಿ ಆಗಲೇ ನನ್ನ ನಾಯಿ ಸ್ಪ್ಯಾನರ್ ಇದ್ದ, ಅವನೂ ಗಂಡೇ. ಒಂದು ಒರೆಗೆ ಎರಡು ಕತ್ತಿ. ಬಾಗಿಲಲ್ಲಿ ಎದುರಾದರೆ ಸಾಕು, ಬೆನ್ನಿನ ಕೂದಲು ಸೆಟೆದು ಗಂಟಲಲ್ಲಿ ಗುಡುಗು. ನಾನು ಅರಚಿದಷ್ಟೂ ಅವು ಕೆರಳುತ್ತಿದ್ದವು. ಎರಡರಲ್ಲಿ ಒಂದು ಹೋಗಲೇಬೇಕೆಂದು ಹೇಳಿಬಿಟ್ಟೆ. ಯಾವುದೆಂದು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಅತ್ತಿಗೆ ತಮ್ಮ ಸೀರೆಗಳನ್ನೂ ಪೆಟ್ಟಿಗೆಗೆ ತುಂಬುತ್ತಿದ್ದುದನ್ನು ಕಂಡು ನನ್ನ ಹೆಂಡತಿ ಅತ್ತಳು. ನಾಯಿಗಳನ್ನು ಹೊಂದಿಸಲು ಒಂದು ತಿಂಗಳ ಗಡುವು ಕೊಟ್ಟೆ.

ಅಲ್ಲಿಂದ ಅತ್ತಿಗೆಯ ರಾಜ್ಯಭಾರ. ಊಟದ ತಟ್ಟೆಗಳು ಬೇರೆ ಬೇರೆ ಕೋಣೆಗೆ, ಎಲುಬು, ಚೆಂಡು ಅಟ್ಟಕ್ಕೆ. ಬೆಳಿಗ್ಗೆ ಬೀದಿಯ ಆ ಬದಿಗೆ ಅವರು ಸಾಹೇಬನೊಡನೆ, ಈ ಬದಿಗೆ ನಾನು ಸ್ಪ್ಯಾನರ್‌ನೊಡನೆ, ಮುನಿಸಿಕೊಂಡ ಬೀಗರಂತೆ ಒಂದೇ ದಿಕ್ಕಿಗೆ ನಡೆಯಬೇಕು. ಸಾಹೇಬ ಇತ್ತ ತಿರುಗಿದನೆಂದರೆ ನನ್ನ ಕೈ ತಾನಾಗಿ ಹಗ್ಗ ಜಗ್ಗುತ್ತಿತ್ತು. ಆ ಬದಿಯಿಂದ "ಬಿಡು" ಎಂಬ ಮೆಲುದನಿ. ನಾಯಿಗೆ ಹೇಳುತ್ತಿದ್ದಾರೆಂದು ತಿಳಿದು ನಾನು ಇನ್ನೂ ಬಿಗಿಹಿಡಿಯುತ್ತಿದ್ದೆ. ಕೊನೆಗೊಂದು ದಿನ ಸಾಹೇಬನನ್ನು ಕಂಬಕ್ಕೆ ಕಟ್ಟಿ, ಬೀದಿ ದಾಟಿ ಬಂದು, ನನ್ನ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದರು. "ಬಿಡು ಅಂದಿದ್ದು ನಿಂಗೆ. ನಿನ್ನ ಸಿಟ್ಟು ಹಗ್ಗದಲ್ಲಿ ಇಳಿದು ಅದರ ಕುತ್ತಿಗೆಗೆ ಹೋಗುತ್ತೆ."

ಹಗ್ಗ ಸಡಿಲವಾದಂತೆ ಬೀದಿಯ ಎರಡು ಬದಿಗಳೂ ಹತ್ತಿರವಾದವು.

ಒಮ್ಮೆ ಮಾತ್ರ ಕೆಟ್ಟಿತು. ಬಾಗಿಲು ತೆರೆದದ್ದು ಗಾಳಿಯೇ ಎಂದು ನಾನು ಈಗಲೂ ವಾದಿಸುತ್ತೇನೆ. ಎರಡೂ ಕಚ್ಚಿಕೊಂಡು ಉರುಳುವಾಗ ಕುತ್ತಿಗೆಪಟ್ಟಿಗೆ ಕೈಹಾಕಹೊರಟೆ. ಅತ್ತಿಗೆ ನನ್ನ ಕೈ ತಳ್ಳಿ ನಡುವೆ ಬಂದರು. ನನಗೆ ಇಳಿಯಬೇಕಿದ್ದ ಹಲ್ಲು ಅವರ ಅಂಗೈಗೆ ಇಳಿಯಿತು. ಅದೇ ಕೈಯಲ್ಲಿ ಮೈಮೇಲಿದ್ದ ಅಣ್ಣನ ಕೋಟು ಬಿಚ್ಚಿ ಎರಡರ ತಲೆಯ ಮೇಲೂ ಎಸೆದರು. ಕತ್ತಲು ಕವಿದೊಡನೆ ಹಿಡಿತ ಬಿಟ್ಟಿತು.

ಹೊಲಿಗೆ ಹಾಕಿಸಿಕೊಂಡು ಬಂದವರು, "ನಾಳೆ ಮತ್ತೆ ಆ ಬದಿಯಿಂದಲೇ ಶುರು ಮಾಡೋಣ. ಅವು ಪ್ರೀತಿ ಮಾಡೋದು ಬೇಡ, ಸುಮ್ಮನಿರೋದು ಕಲಿತರೆ ಸಾಕು" ಅಂದರು. ಗಡುವಿನ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಈಗ ಎರಡೂ ಜಗಲಿಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಮಲಗುತ್ತವೆ.

ಅವರ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಮನೆ ನಡೆಸುವ ನನ್ನ ಬಲಗೈ ಇಡಿಯಾಗಿದೆ. ಅದನ್ನು ಬಾಯಿಬಿಟ್ಟು ಹೇಳಬೇಕೆಂದು ಹೋದಾಗಲೆಲ್ಲ ಅವರು ಡಬ್ಬಿಯೊಂದನ್ನು ಮುಂದಿಟ್ಟು, ಮುಚ್ಚಳ ಬಿಗಿಯಾಗಿದೆ, ತೆಗೆದುಕೊಡು ಎನ್ನುತ್ತಾರೆ. ತೆಗೆದುಕೊಡುತ್ತೇನೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಲೋಕದಲ್ಲಿ ಇಂಥವರು ಕೆಲವರಿದ್ದಾರೆ: ಇಬ್ಬರ ನಡುವೆ ನಿಂತು ಪೆಟ್ಟು ತಿನ್ನುತ್ತಾರೆ, ಆಮೇಲೆ ಅದರ ಲೆಕ್ಕ ಕೇಳಲು ಬರುವುದಿಲ್ಲ. ಕೇಳಿದ್ದರೆ ಹೇಗಾದರೂ ತೀರಿಸಿಬಿಡಬಹುದಿತ್ತು.