ಮೂವತ್ತೊಂದನೇ ಮನೆಯ ಹಿರೇಸೊಸೆ

ರಾಣೆಬೆನ್ನೂರಿನಿಂದ ಗಂಡನ ಹಿಂದೆ ಯಲಹಂಕಕ್ಕೆ ಬಂದ ಚಂದ್ರವ್ವ ಆರು ವರ್ಷ ಬಾಡಿಗೆ ಮನೆಯ ಗೋಡೆ ನೋಡುತ್ತ ಕೂತಿದ್ದಳು. ಎಂಬತ್ತೆರಡನೇ ಇಸವಿಯಲ್ಲಿ ಅವಳ ಹೆಗಲಿಗೆ ಚೀಲ ಬಂತು, ಊರೂರು ತಿರುಗುವ ಸರ್ವೆ ಕೆಲಸ ಬಂತು. ಬಡ ಹೆಂಗಸರ ಎದೆಯ ಕ್ಯಾನ್ಸರ್ ಬಗ್ಗೆ ನಗರದವರು ನಡೆಸುತ್ತಿದ್ದ ಅಧ್ಯಯನ ಅದು. ಮೇಲಧಿಕಾರಿ ಗಂಗಾದೇವಿ ಮೇಡಂ ಎರಡು ನಿಯಮ ಹೇಳಿದ್ದರು. ಹೆಂಗಸರ ಮಾನದ ವಿಷಯ, ಫಾರಂನಲ್ಲಿ ಹೆಸರು ಬೇಡ. ಮನೆ ನಂಬರು, ಸಂಬಂಧ ಸಾಕು. ಎರಡನೆಯದು, ಕೇಳಬೇಕು, ಏನೂ ಹೇಳಬಾರದು. ಹೇಳಿದರೆ ಅಧ್ಯಯನ ಕೆಡುತ್ತದೆ. ಹೆಂಗಸರು ಸತ್ತರೆ ಅಧ್ಯಯನ ಕೆಡುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಹುಣಸಮಾರನಹಳ್ಳಿಯ ಮೂವತ್ತೊಂದನೇ ಮನೆಯಲ್ಲಿ ಅತ್ತೆ ಅಕ್ಕಯ್ಯಮ್ಮನದೇ ದರ್ಬಾರು. ಸೊಸೆಯನ್ನು ಕೇಳಿದ್ದಕ್ಕೆಲ್ಲ ಅವಳೇ ಉತ್ತರ ಕೊಟ್ಟಳು.

"ನಮ್ಮ ಹಿರೇಸೊಸೆಗೆ ಏನೂ ಇಲ್ಲ, ಗುಂಡ್ಕಲ್ಲಿದ್ದಂಗವ್ಳೆ. ಬರ್ಕಳಿ."

ಆ ಹಿರೇಸೊಸೆ ಕೃಷ್ಣಮ್ಮ ಬಾಗಿಲವರೆಗೆ ಕಳಿಸುವ ನೆಪದಲ್ಲಿ ಬಂದು, ಚಂದ್ರವ್ವನನ್ನು ದನದ ಕೊಟ್ಟಿಗೆಗೆ ಎಳೆದೊಯ್ದು ಕುಪ್ಪಸ ಸರಿಸಿದಳು. ಎಡ ಮೊಲೆಯಲ್ಲಿ ನಿಂಬೆಕಾಯಿ ಗಾತ್ರದ ಗಡ್ಡೆ. ಅದರ ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡಿತ್ತು.

"ಅತ್ತೆ ಸೊಪ್ಪು ಅರ್ದು ಕಟ್ತಾವ್ರೆ. ನೀವು ಓದ್ದೋರು. ಆಸ್ಪತ್ರೆಗೋಗ್ಬೇಕು ಅಂತ ನೀವಂದ್ರೆ ನಮ್ಮನೆಯೋರು ಕರ್ಕೊಂಡೋಗ್ತಾರೆ. ಒಂದ್ಮಾತು ಯೋಳಿ."

ತರಬೇತಿಯಲ್ಲಿ ಚಂದ್ರವ್ವ ಇಂಥವೇ ಚಿತ್ರ ನೋಡಿದ್ದಳು. ಅದೇನೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

"ನಾವು ಕೇಳಾಕ ಬಂದವ್ರು ತಂಗಿ, ಹೇಳಾಕ ಅಲ್ಲ," ಎಂದಳು.

ಫಾರಂನಲ್ಲಿ ಮಾತ್ರ ಅಚ್ಚುಕಟ್ಟಾಗಿ ಬರೆದಳು: ಹಿರೇಸೊಸೆ, ಗಡ್ಡೆ ಇದೆ, ಸೊಪ್ಪಿನ ಮದ್ದು.

ಮರುವರ್ಷ ಎರಡನೇ ಸುತ್ತು. ಅದೇ ಜಗಲಿ, ಅದೇ ಅಕ್ಕಯ್ಯಮ್ಮ. ಬಾಗಿಲ ಮರೆಯಲ್ಲಿ ನಿಂತವಳು ಮಾತ್ರ ಬೇರೆ.

"ಈಗ ಇವ್ಳೇ ಹಿರೇಸೊಸೆ, ಮರಿಯಮ್ಮ. ಅವ್ಳು ತೀರ್ಕೊಂಡು ಎಂಟು ತಿಂಗ್ಳಾಯ್ತು. ಅವ್ಳ ತಂಗೀನೇ ತಂದ್ಕೊಂಡ್ವಿ. ಮನೆ ನಡೀಬೇಕಲ್ಲ."

ಚಂದ್ರವ್ವನ ಪೆನ್ನು ನಿಂತಿತು. ಫಾರಂನಲ್ಲಿ ಸಾವಿಗೆ ಜಾಗವೇ ಇರಲಿಲ್ಲ. ಖಾಲಿ ಬಿಟ್ಟರೆ ಫಾರಂ ಆಫೀಸಿನಿಂದ ವಾಪಸು ಬರುತ್ತದೆ. ಗಡ್ಡೆ ನೋಡಿದವರು ಯಾರು, ಕೃಷ್ಣಮ್ಮ ಏನು ಕೇಳಿದ್ದಳು ಎಂಬುದೆಲ್ಲ ಹೊರಬೀಳುತ್ತದೆ. ಚಂದ್ರವ್ವ ಎದುರಿಗಿದ್ದ ಮರಿಯಮ್ಮನನ್ನು ಕೇಳಿದಳು, "ಗಡ್ಡೆ ಏನರ ಐತೇನು?" ಅಕ್ಕಯ್ಯಮ್ಮ ಇಲ್ಲವೆಂದಳು. ಮೂವತ್ತೊಂದನೇ ಮನೆ, ಹಿರೇಸೊಸೆ, ಗಡ್ಡೆ ಇಲ್ಲ. ನೋಡಿದವರಿಗೆ ಅದರಲ್ಲಿ ಸುಳ್ಳೇನೂ ಕಾಣುತ್ತಿರಲಿಲ್ಲ.

ಗಂಗಾದೇವಿ ಮೇಡಂ ಎರಡೂ ಫಾರಂ ಪಕ್ಕಪಕ್ಕ ಇಟ್ಟುಕೊಂಡು ಕುರ್ಚಿಯಿಂದ ಎದ್ದೇಬಿಟ್ಟರು.

"ನೋಡ್ರಿ ಚಂದ್ರವ್ವ, ಆಪರೇಷನ್ ಇಲ್ದೆ ಗಡ್ಡೆ ಹೋಗಿದೆ. ಇಡೀ ಸ್ಟಡೀಲಿ ಇದೊಂದೇ ಕೇಸು. ಅದ್ಯಾವ ಸೊಪ್ಪು ಅಂತ ನಾಳೆ ಬೆಳಿಗ್ಗೆನೇ ಕೇಳ್ಕೊಂಡು ಬನ್ನಿ."

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಮೇಡಂ ತನ್ನನ್ನು ಹೆಸರು ಹಿಡಿದು ಕರೆದದ್ದೇ ಅವಳಿಗೆ ಹಿತವಾಗಿತ್ತು.

ಮಾರನೆಯ ದಿನ ಅಕ್ಕಯ್ಯಮ್ಮನ ಮುಖ ಅರಳಿತು. "ನಮ್ಮ ಮದ್ದನ್ನ ಆಪೀಸಿನೋರೂ ಒಪ್ಕೊಂಡ್ರಾ? ತುಂಬೆ ಸೊಪ್ಪು, ಅರಿಶ್ಣ, ಚೂರು ಸುಣ್ಣ. ಅವ್ಳು ನೆಟ್ಟಗೆ ಕಟ್ಕಳ್ಳಿಲ್ಲ, ಅದ್ಕೇ ಸತ್ಲು. ಸರಿಯಾಗಿ ಬರ್ಕಳಿ."

ಸತ್ತವಳು ಎದ್ದು ಬಂದು ಎದುರಾಡುವುದಿಲ್ಲವಲ್ಲ. ಚಂದ್ರವ್ವ ಸರಿಯಾಗಿಯೇ ಬರೆದುಕೊಂಡಳು.

ಹೊರಟಾಗ ಮರಿಯಮ್ಮ ಹಿಂದೆಯೇ ಬಂದು ಅವಳ ಕೈ ಹಿಡಿದಳು. ಅದೇ ಕೊಟ್ಟಿಗೆ. ಕುಪ್ಪಸ ಸರಿಸಿದಳು. ಈ ಸಲ ಬಲಗಡೆ, ಕಡಲೆಕಾಯಿ ಬೀಜದಷ್ಟು.

"ಅತ್ತೆ ಮುಂದೆ ಯೋಳಕ್ಕಾಗ್ಲಿಲ್ಲ. ಅಕ್ಕನ ಗತಿ ನೋಡಿ ಆಸ್ಪತ್ರೆಗೋಗನ ಅಂತಿದ್ದೆ. ಈಗ ಆಪೀಸಿನೋರೇ ಸೊಪ್ಪು ಬರ್ಕೊಂಡೋಗ್ತಾವ್ರಲ್ಲ. ಸೊಪ್ಪೇ ಸಾಕಾ ಅಕ್ಕಾ?"

ಸಾಲದು ಎಂದರೆ ಬರೆದು ಚೀಲಕ್ಕೆ ಹಾಕಿಕೊಂಡಿದ್ದೆಲ್ಲ ಸುಳ್ಳಾಗುತ್ತಿತ್ತು. ಚಂದ್ರವ್ವ ಕೈ ಬಿಡಿಸಿಕೊಂಡಳು.

"ನಾವು ಕೇಳಾಕ ಬಂದವ್ರು, ತಂಗಿ."

ಈ ಸಲ ಅವಳು ಫಾರಂ ಕೂಡ ಹೊರಗೆ ತೆಗೆಯಲಿಲ್ಲ.