ಗಿಟುಕಾದ ಸೈಲೆನ್ಸರ್

ಅನ್ನ ಕೊಡುವ ನನ್ನ ಎರಡೂ ಭುಜಗಳಾಣೆ, ಇದು ನಡೆದದ್ದೇ. ಒಂದೆರಡು ಕಡೆ ಸ್ವಲ್ಪ ಉದ್ದವಾಗಿದ್ದರೆ ನನ್ನ ನಾಲಿಗೆಯನ್ನು ಬೈಯಿರಿ, ನಡೆದದ್ದನ್ನು ಬೈಯಬೇಡಿ.

ನಾನು ಶಿವಮೂರ್ತಿ. ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡದ ಊರೊಂದರಲ್ಲಿ ನಯನಮ್ಮನ ಪಿಕಪ್ಪಿಗೆ ಮೂಟೆ ತುಂಬುವವನು. ಗಾಡಿ ಮೊದಲು ಓಡಿಸುತ್ತಿದ್ದವನು ಅವಳ ಗಂಡ ಜ್ಞಾನೇಶ. ಹೋದ ವರ್ಷ ಅವನು ಅಟ್ಟದ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ರಾಡು ಹಾಕಿದರು, ನಡೆಯುತ್ತಾನೆ, ಆದರೆ ಕ್ಲಚ್ಚು ತುಳಿಯಲಾರ. ನಯನ ಗಾಡಿ ಕಲಿತಳು, ಲೈಸೆನ್ಸ್ ಮಾಡಿಸಿದಳು, ಊರಿನ ಕೊಬ್ಬರಿಯನ್ನೆಲ್ಲ ತಿಪಟೂರಿಗೆ ಸಾಗಿಸತೊಡಗಿದಳು. ಸ್ಟೇರಿಂಗ್ ಹಿಡಿದು ಕೂತಾಗ ಅವಳ ಮುಖ ನೋಡಬೇಕು, ಮದುವೆಯ ದಿನವೂ ಅಷ್ಟು ಕಳೆ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ಗಾಡಿಗೆ ರೋಗ ಬಂತು. ಮಟ್ಟಸ ರಸ್ತೆಯಲ್ಲಿ ಜಿಂಕೆ, ಏರು ಕಂಡರೆ ಮುದಿ ಎಮ್ಮೆ. ನಮ್ಮೂರಿಂದ ಟಾರು ರಸ್ತೆ ಸೇರಬೇಕಾದರೆ ಒಂದು ಗುಡ್ಡ ಹತ್ತಿ ಇಳಿಯಲೇಬೇಕು. ಒಂದು ದಿನ ನಾವು ಏರು ಹಿಡಿದಾಗ ಪಕ್ಕದಲ್ಲಿ ಗಬ್ಬದ ಕುರಿಯೊಂದು ನಡೆಯುತ್ತಿತ್ತು. ಅರ್ಧ ಗುಡ್ಡದಲ್ಲಿ ಅದು ಮರಿ ಹಾಕಿತು. ಆ ಮರಿ ಮೈ ಕೊಡವಿಕೊಂಡು ಎದ್ದು, ನಮ್ಮನ್ನು ಹಿಂದೆ ಹಾಕಿ ಹೋಯಿತು.

ಇನ್ನೊಂದು ದಿನ ತುಂಬಿದ ಗಾಡಿ ನಿಂತೇ ಹೋಗಿ, ನಾಲ್ಕು ಮಾರು ಹಿಂದಕ್ಕೆ ಜಾರಿತು. ಅದನ್ನು ಜ್ಞಾನೇಶನ ಅಣ್ಣ ದಯಾನಂದ ಕಣ್ಣಾರೆ ಕಂಡ. ಕೆಟ್ಟವನಲ್ಲ ಅವನು, ಹೆದರಿದ.

"ಗಾಡಿಗೇನೂ ಆಗಿಲ್ಲ ಕಣಮ್ಮ. ಏರಲ್ಲಿ ಗೇರು ಯಾವಾಗ ಇಳಿಸ್ಬೇಕು ಅನ್ನೋದು ನಿಂಗೆ ತಿಳೀತಿಲ್ಲ. ಸೋಮವಾರದ ಲೋಡು ಗುಡ್ಡ ಹತ್ತಲಿಲ್ಲ ಅಂದ್ರೆ ಕೀ ನನ್ ಕೈಗೆ ಕೊಟ್ಬುಡು."

"ಆಗ್ಲಿ ಭಾವ," ಎಂದಳು ನಯನ. ಅಷ್ಟೇ. ಆದರೆ ಅವತ್ತಿನಿಂದ ಗೇರು ಹಾಕುವಾಗಲೆಲ್ಲ ಅವಳ ತುಟಿ ಅಲ್ಲಾಡುತ್ತಿತ್ತು. ಗಾಡಿಯ ಹತ್ತಿರ ತಪ್ಪಾಯಿತೆಂದು ಕೇಳಿಕೊಳ್ಳುತ್ತಿದ್ದಳು, ಪಕ್ಕದಲ್ಲಿ ಕೂತ ನನಗೆ ಕೇಳಿಸುತ್ತಿತ್ತು.

ಮೆಕ್ಯಾನಿಕ್ ಮುನಾವರ್ ಮೂರು ಸಲ ನೋಡಿದ. ಡೀಸೆಲ್ ಫಿಲ್ಟರ್ ಬದಲಾಯಿಸಿದ. ಏರ್ ಫಿಲ್ಟರಿನಿಂದ ಒಂದು ಹಾಸಿಗೆಗೆ ಆಗುವಷ್ಟು ತೆಂಗಿನ ನಾರು ತೆಗೆದ. ಕ್ಲಚ್ಚು ನೋಡಿದ, ಪೈಪುಗಳನ್ನೆಲ್ಲ ಊದಿ ನೋಡಿದ. ಆಮೇಲೆ ಮಟ್ಟಸ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು ಕೈ ಒರೆಸಿಕೊಂಡ.

"ಅಕ್ಕ, ಗಾಡಿ ಕುದುರೆ ಹಂಗೈತೆ. ಇನ್ನೇನ್ ಬಿಚ್ಲಿ ಹೇಳಿ. ಗ್ಯಾರೇಜಲ್ಲಿ ನಾನು ಬಿಚ್ಚದೇ ಉಳಿದಿರೋದು ನನ್ ಅಂಗಿ ಒಂದೇ."

ಭಾನುವಾರ ಬೆಳಿಗ್ಗೆ, ಲೋಡಿಗೆ ಮೊದಲು ಗಾಡಿಯನ್ನು ಏರಿನಲ್ಲೇ ನೋಡಿಬಿಡೋಣವೆಂದು, ಗುಡ್ಡದ ಬುಡದಲ್ಲಿ ಮುನಾವರನೂ ಸೇರಿ ಎಲ್ಲರೂ ಕೂಡಿದೆವು. ನಯನಳ ಅತ್ತೆ ಕಲ್ಲಮ್ಮನೂ ಕೋಲೂರಿಕೊಂಡು ಬಂದಳು. ಈ ಮುದುಕಿಯ ಕಿವಿಯ ಬಗ್ಗೆ ಹೇಳಬೇಕು. ನಮ್ಮಲ್ಲಿ ಕಾಯಿಯನ್ನು ಒಂದು ವರ್ಷ ಅಟ್ಟದ ಮೇಲೆ ಒಣಗಲು ಬಿಡುತ್ತೇವೆ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಾಗ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಟಕ್ ಅನ್ನುತ್ತದೆ. ಆಗ ಕಾಯಿ ಗಿಟುಕಾಯಿತು ಅನ್ನುತ್ತೇವೆ. ಎಲ್ಲರಿಗೂ ಅಲ್ಲಾಡಿಸಿದರೆ ಕೇಳಿಸುತ್ತದೆ. ಕಲ್ಲಮ್ಮನಿಗೆ ಪಕ್ಕದ ಮನೆಯ ಅಟ್ಟದಲ್ಲಿ ಇಲಿ ಓಡಿದರೆ ಸಾಕು, ಅದು ತುಳಿದ ಕಾಯಿ ಗಿಟುಕಾಗಿದೆಯೋ ಇಲ್ಲವೋ ಇಲ್ಲಿಂದಲೇ ಹೇಳುತ್ತಾಳೆ.

"ಲೇ ದಯಾನಂದ, ಮೊದ್ಲು ನೀನು ಹತ್ಸು ನೋಡಾನ," ಎಂದು ಅವಳು ತಾನೂ ಕ್ಯಾಬಿನ್ನಿನಲ್ಲಿ ಕೂತಳು. ಖಾಲಿ ಗಾಡಿ. ಆದರೂ ಅರ್ಧ ಗುಡ್ಡದಲ್ಲಿ ಏದುಸಿರು ಬಿಟ್ಟು ನಿಂತಿತು.

"ಇವ್ಳೇ ಕೆಡ್ಸವ್ಳೆ ಕಣವ್ವ," ಎಂದ ದಯಾನಂದ.

"ಬಾಯ್ ಮುಚ್ಲಾ, ಕೇಳ್ತಾ ಇವ್ನಿ. ಹಿಂದಕ್ ಬುಡು."

ಗಾಡಿ ಬುಡಕ್ಕೆ ಬಂತು. ಮುದುಕಿ ಇಳಿದು ನನ್ನನ್ನು ಕರೆದಳು.

"ಶಿವಮೂರ್ತಿ, ಗಾಡಿ ಹಿಡ್ದು ಅಲ್ಲಾಡ್ಸು."

ಅಲ್ಲಾಡಿಸಿದೆ. ಪುಣ್ಯಕ್ಕೆ ನಿಧಾನವಾಗಿ ಅಲ್ಲಾಡಿಸಿದೆ, ಇಲ್ಲದಿದ್ದರೆ ಗಾಡಿ ಮಗುಚುತ್ತಿತ್ತು. ಕಲ್ಲಮ್ಮ ಬಗ್ಗಿ ಕಿವಿ ಕೊಟ್ಟಳು. ಕೋಲನ್ನು ಗಾಡಿಯಡಿಗೆ ಚಾಚಿ, ಹೊಗೆ ಕೊಳವೆಯ ನಡುವೆ ಹೊಟ್ಟೆಯಂತೆ ಉಬ್ಬಿದ ಡಬ್ಬವನ್ನು ತೋರಿಸಿದಳು.

"ಇದು ಗಿಟುಕಾಗೈತೆ ಕಣಪ್ಪ."

ಮುನಾವರ್ ನಕ್ಕ. "ಅಜ್ಜಿ, ಅದು ಸೈಲೆನ್ಸರು. ಕಾಯಲ್ಲ."

"ಕಾಯಾದ್ರೇನು, ಕಬ್ಬಿಣಾದ್ರೇನು. ಏರು ಶುರುವಾಗೋವಾಗ ಒಂದ್ಸಲ ಗಟಕ್ ಅಂತು, ವಾಪಸ್ ಮಟ್ಟಕ್ ಬಂದಾಗ ಒಂದ್ಸಲ. ಒಳಗಿಂದೇನೋ ಬಿಟ್ಕೊಂಡೈತೆ. ಬಿಚ್ಚು."

ಮುನಾವರನ ನಗು ಅಲ್ಲೇ ನಿಂತಿತು. "ಏರಲ್ಲಿ ಒಂದ್ಸಲ, ಮಟ್ಟದಲ್ಲಿ ಒಂದ್ಸಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಬಿಸಿ ಆರುವವರೆಗೆ ಕಾದು ಡಬ್ಬ ಬಿಚ್ಚಿದ. ನಾವಿಬ್ಬರೂ ಅದನ್ನು ಮುದುಕಿಯ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆವು. ಗಟಕ್. ಈ ಸಲ ದಯಾನಂದನಿಗೂ ಕೇಳಿಸಿತು.

ಗ್ಯಾರೇಜಿನಲ್ಲಿ ಕೊಯ್ದು ನೋಡಿದರೆ, ಒಳಗೆ ರೊಟ್ಟಿಯಗಲದ ಒಂದು ತಗಡು ಬೆಸುಗೆ ಬಿಟ್ಟು ಓಡಾಡಿಕೊಂಡಿತ್ತು. ಮಟ್ಟಸ ರಸ್ತೆಯಲ್ಲಿ ತೆಪ್ಪಗೆ ಮಲಗಿರುತ್ತಿತ್ತು. ಗಾಡಿ ಮೂತಿ ಎತ್ತಿದ ಕೂಡಲೇ ಹಿಂದಕ್ಕೆ ಜಾರಿ, ಹೊಗೆ ಹೋಗುವ ತೂತಿನ ಮೇಲೆ ಕೂತುಬಿಡುತ್ತಿತ್ತು. ಬೆಟ್ಟ ಹತ್ತುವವನ ಮೂಗು ಬಾಯಿ ಮುಚ್ಚಿದರೆ ಅವನು ತಾನೆ ಎಷ್ಟು ದೂರ ಹತ್ತಿಯಾನು?

ನಯನ ಆ ತಗಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಹಂಗಾರೆ ನನ್ ಗೇರು ಸರಿಯಾಗೇ ಇತ್ತಾ?" ಎಂದು ಕೇಳಿದಳು.

"ನಿಮ್ ಗೇರು ಮೊದ್ಲಿಂದ್ಲೂ ಸರಿಯಾಗೇ ಇತ್ತು ಅಕ್ಕ. ನಾನೇ ಏರಲ್ಲಿ ಒಂದ್ಸಲ ಓಡ್ಸಿ ನೋಡ್ಬೇಕಿತ್ತು," ಎಂದ ಮುನಾವರ್. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಧೂಳು ಅಂದಳು. ಇರಬಹುದು.

ಮುನಾವರ್ ಅವತ್ತೇ ಡಬ್ಬ ಬೆಸೆದು ಮತ್ತೆ ಕೂರಿಸಿದ. ಸೋಮವಾರ ಗಾಡಿಯ ತುಂಬ ಕೊಬ್ಬರಿ ಮೂಟೆ, ನಯನಳ ಪಕ್ಕ ಕಲ್ಲಮ್ಮ, ಮೂಟೆಗಳ ಮೇಲೆ ನಾನು. ಏರಿನ ತಿರುವಿನಲ್ಲಿ ದಯಾನಂದ ಒಂದು ದಪ್ಪ ಕಲ್ಲು ಹೊತ್ತು ನಿಂತಿದ್ದ, ಗಾಡಿ ಜಾರಿದರೆ ಚಕ್ರಕ್ಕೆ ಕೊಡಲು. ನಯನ ಎರಡನೇ ಗೇರಿನಲ್ಲಿ ಹಾರನ್ ಒತ್ತಿದವಳು ಕೈ ತೆಗೆಯಲೇ ಇಲ್ಲ. ಎಷ್ಟು ಜೋರಾಗಿ ಹತ್ತಿದೆವೆಂದರೆ ನನ್ನ ಟವಲು ಹಿಂದೆ ಉಳಿದು, ಮಧ್ಯಾಹ್ನದ ಬಸ್ಸಿನಲ್ಲಿ ಬಂತು. ದಯಾನಂದ ಕಲ್ಲು ಹೊತ್ತೇ ನೋಡುತ್ತಿದ್ದ.

"ಕಲ್ ಇಳಿಸ್ಲಾ, ಸೊಂಟ ಹಿಡ್ಕಂಡಾತು," ಎಂದು ಕ್ಯಾಬಿನ್ನಿನಿಂದ ಕೂಗಿದಳು ಕಲ್ಲಮ್ಮ.

ಅವನು ಕಲ್ಲು ಇಳಿಸಿದ. ಸಂಜೆ ಗಾಡಿ ಬಂದಾಗ, "ಕೀ ನಿನ್ನತ್ರಾನೇ ಇರ್ಲಿ ಕಣಮ್ಮ," ಎಂದ. ಅದು ಇವತ್ತಿಗೂ ಅವಳ ಸೊಂಟದಲ್ಲೇ ಇದೆ.

ನೀವೂ ಈ ಸಲ ಕೊಬ್ಬರಿ ಸುಲಿಸುತ್ತೀರಂತೆ, ಕೇಳಿದೆ. ನನ್ನ ಮಾತು ನಂಬಿದ್ದರೆ ನಯನಮ್ಮನ ಗಾಡಿಗೆ ಒಂದು ಲೋಡು ಕೊಡಿ. ನಂಬಿಕೆ ಬರಲಿಲ್ಲವೋ, ಪರೀಕ್ಷೆ ಮಾಡಿ ನೋಡಬೇಕಲ್ಲ, ಎರಡು ಕೊಡಿ.